ನಿಖಿಲನಿಗೆ ನಾನು ಕೊಟ್ಟ ಕಾಯಿಲೆ

ಕಳೆದ ವಾರ ಸಾಂಗಲಿಯಲ್ಲಿ ಗೆಳತಿಯೊಬ್ಬಳ ಮನೆಗೆ ಹೋಗಿದ್ದೆ. ಬಿಸಿಲಿಗೆ ಹೆದರಿ ಅವಳು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದ್ದಳು. ನಾನು ಕೂತ ಮೇಲೆ ಎದ್ದು ಹೋಗಿ ಕೂಲರ್ ಹಾಕಿದಳು. ಅದಕ್ಕೆ ಆಗಷ್ಟೇ ಹೊಸ ಲಾವಂಚ ಕಟ್ಟಿಸಿದ್ದಳು ಅಂತ ಕಾಣುತ್ತದೆ. ನೀರು ಇಳಿದು ಗಾಳಿ ಬಂದದ್ದೇ ತಡ, ಒದ್ದೆ ಬೇರಿನ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವಳು ತನ್ನ ಸೊಸೆಯ ಸುದ್ದಿ ಹೇಳುತ್ತಿದ್ದಳು. ನಾನು ಮಾತ್ರ ಗಡಿಯಾರ ನೋಡಿದೆ. ಎರಡಕ್ಕೆ ಹತ್ತು ನಿಮಿಷವಿತ್ತು.

“ಎಲ್ಲ್ಯರೆ ಹೋಗೂದೈತೇನು?” ಎಂದು ಕೇಳಿದಳು. ಇಲ್ಲ ಎಂದೆ. ಹೋಗುವುದು ಎಲ್ಲಿಗೂ ಇರಲಿಲ್ಲ. ಮೂರು ವರ್ಷದ ಹಿಂದಿನ ಒಂದು ಬೇಸಿಗೆಯಲ್ಲಿ ದಿನಾ ಆ ಹೊತ್ತಿಗೆ, ಅದೇ ವಾಸನೆಯಲ್ಲಿ, ಹಾಗೆಯೇ ಗಡಿಯಾರ ನೋಡುತ್ತ ನಾನು ಕೂತಿರುತ್ತಿದ್ದೆ.

ಆಗ ಮಿರಜದ ನಮ್ಮ ಮನೆಯಲ್ಲಿ ಮೂವರಿದ್ದೆವು. ಅವ್ವ, ನಾನು, ನನಗಿಂತ ಹತ್ತು ವರ್ಷ ಚಿಕ್ಕವನಾದ ತಮ್ಮ ಶಿವು. ಮುತ್ತಜ್ಜನ ಕಾಲಕ್ಕೆ ಜಮಖಂಡಿ ಕಡೆಯಿಂದ ಗಡಿ ದಾಟಿ ಬಂದು ಮಿರಜದ ಪೇಟೆಯಲ್ಲಿ ಕಿರಾಣಿ ವ್ಯಾಪಾರ ಹಿಡಿದ ಮನೆತನ ನಮ್ಮದು. ಒಳಗೆ ಕನ್ನಡ, ಅಂಗಳಕ್ಕೆ ಇಳಿದರೆ ಮರಾಠಿ. ಅಪ್ಪ ತೀರಿಕೊಂಡ ಮೇಲೆ ಅಂಗಡಿ ನಿಂತಿತು. ನಾನು ಗಂಡನ ಮನೆ ಬಿಟ್ಟು ಬಂದು ಏಳು ವರ್ಷವಾಗಿತ್ತು. ಅದರ ಬಗ್ಗೆ ಅವ್ವ ಒಂದು ದಿನವೂ ನನಗೆ ಕೆಟ್ಟ ಮಾತು ಆಡಲಿಲ್ಲ. ಆದರೆ ಯಾರ ಮದುವೆಗೂ ಹೋಗುವುದನ್ನು ಬಿಟ್ಟುಬಿಟ್ಟಿದ್ದಳು. ತಲೆ ಎತ್ತಿಕೊಂಡು ಮತ್ತೆ ನಾಲ್ಕು ಜನರ ನಡುವೆ ಕೂರಬೇಕೆಂದರೆ ಅವಳಿಗೆ ಉಳಿದದ್ದು ಶಿವೂನ ಲಗ್ನವೊಂದೇ. ಅವನಿಗೆ ಮೂವತ್ತೊಂದು ತುಂಬಿತ್ತು. ಊರಿನ ಒಂದು ಲ್ಯಾಬಿನಲ್ಲಿ ರಕ್ತ ತಪಾಸಣೆಯ ಕೆಲಸ. ಗಡಿಯಾಚೆಯಿಂದ ಮಿರಜದ ಆಸ್ಪತ್ರೆಗಳಿಗೆ ಬರುವ ಕನ್ನಡದ ಮಂದಿ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು. ಸೂಜಿ ಚುಚ್ಚುವ ಮೊದಲು ಅವನು ಅವರ ಊರು, ಹೊಲ, ಮಳೆ ಎಲ್ಲ ಕೇಳುತ್ತಿದ್ದನಂತೆ.

ನಾನು ಕನ್ನಡ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಮಕ್ಕಳು ಕಡಿಮೆಯಾಗಿ ಎರಡು ವರ್ಗಗಳನ್ನು ಒಂದು ಮಾಡಿದರು, ನನ್ನ ಕೆಲಸ ಹೋಯಿತು. ಆಗ ಸಿಕ್ಕಿದ್ದು ಡಬ್ಬಿಂಗಿನ ಬರವಣಿಗೆ. ಮರಾಠಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿದ್ದ ಧಾರಾವಾಹಿಯೊಂದನ್ನು ಮುಂಬಯಿಯ ಒಂದು ಕಚೇರಿಯವರು ಕನ್ನಡಕ್ಕೆ ಮಾಡಿಸುತ್ತಿದ್ದರು. ಪ್ರಸಾರವಾದ ಮರುದಿನ ನನಗೆ ಅದರ ವಿಡಿಯೋ ಬರುತ್ತಿತ್ತು. ಒಂದೊಂದು ಮಾತಿಗೂ ಕನ್ನಡ ಬರೆದು ಕಳಿಸಬೇಕು. ಅರ್ಥ ಹೊಂದಿದರೆ ಸಾಲದು, ತುಟಿಯೂ ಹೊಂದಬೇಕು. ಪ, ಬ, ಮ ಬಂದಲ್ಲಿ ನಟರ ತುಟಿ ಮುಚ್ಚುತ್ತದೆ, ನನ್ನ ಮಾತಿನಲ್ಲೂ ಅಲ್ಲಿಯೇ ಮುಚ್ಚಬೇಕು. ‘ಅವ್ವ’ ಅಂತ ಬರೆಯುವಂತಿಲ್ಲ, ‘ಅಮ್ಮ’ ಅನ್ನಬೇಕು. ಬೆಂಗಳೂರಿನವರ ಕಿವಿಗೆ ನಮ್ಮ ಕಡೆಯ ಮಾತು ಹಿಡಿಸುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದರು. ನಾನು ಬರೆದದ್ದು ಕನ್ನಡ ಚಾನೆಲಿನಲ್ಲಿ ಬರುವಷ್ಟರಲ್ಲಿ ಇಪ್ಪತ್ತು ದಿನ ದಾಟುತ್ತಿತ್ತು.

ಈ ಇಪ್ಪತ್ತು ದಿನದ ಅಂತರದಿಂದ ನಮ್ಮ ಮನೆಯಲ್ಲಿ ಒಂದು ತಮಾಷೆ ಇತ್ತು. ಅವ್ವನ ಅಕ್ಕ, ನಮ್ಮ ಮಾವಶಿ, ಇರುವುದು ಜಮಖಂಡಿಯಲ್ಲಿ. ಅವರಿಗೆ ಬರುವ ಮರಾಠಿ ಸಂತೆಗೆ ಸಾಲುವಷ್ಟು. ಹಾಗಾಗಿ ಅವ್ವ ಮರಾಠಿಯಲ್ಲಿ ನೋಡಿದ್ದನ್ನೇ ಅವರು ಇಪ್ಪತ್ತು ದಿನ ಬಿಟ್ಟು ಕನ್ನಡದಲ್ಲಿ ನೋಡುತ್ತಿದ್ದರು. “ಮುಂದಿಂದು ಹೇಳಬ್ಯಾಡ ಮತ್ತ” ಎಂದು ಫೋನಿನಲ್ಲಿ ಮೊದಲೇ ಎಚ್ಚರಿಸುತ್ತಿದ್ದರು. ಅವ್ವ ಅಷ್ಟೂ ದಿನ ಬಾಯಿ ಬಿಗಿಹಿಡಿದು, ಅವರು ಅಲ್ಲಿಗೆ ತಲುಪಿದ ಮೇಲೆ ಮಾತಾಡುತ್ತಿದ್ದಳು.

ಆ ಸಲದ ಬೇಸಿಗೆ ಶುರುವಾದದ್ದೇ ಮಾವಶಿಯ ಫೋನಿನಿಂದ. ಅವರ ಗಂಡನ, ಅಂದರೆ ನಮ್ಮ ಕಾಕಾನ, ಕಡೆಯ ಬಳಗದಲ್ಲಿ ಒಂದು ಹುಡುಗಿ ಇದ್ದಳು. “ಬಿ.ಎಡ್. ಮಾಡ್ಯಾಳ, ಹುಡುಗಿ ಶ್ಯಾಣ್ಯಾ ಐತಿ. ಮನ್ಯಾಗ ಎಲ್ಲಾರೂ ಹೂಂ ಅಂದಾರ. ಇನ್ನ ಶಿವೂಂದ ಆಗಬೇಕು,” ಎಂದರು. ಶಿವು ಊಟ ಮಾಡುತ್ತಿದ್ದವನು ತಲೆ ಎತ್ತದೆ, “ನೋಡೂಣು ತಗೊ” ಎಂದ. ಅದಕ್ಕೂ ಮೊದಲು ಬಂದ ನಾಲ್ಕು ಸಂಬಂಧಗಳಿಗೂ ಅವನು ಹೇಳಿದ್ದು ಅದೇ ಮಾತು.

ಅದೇ ದಿನಗಳಲ್ಲಿ ಧಾರಾವಾಹಿಯ ಕತೆ ತಿರುಗತೊಡಗಿತ್ತು. ಅದರಲ್ಲಿ ಒಂದು ದೊಡ್ಡ ಮನೆ, ಆ ಮನೆಯ ಕಿರಿಯ ಮಗ ನಿಖಿಲ್. ಅವನಿಗೂ ಮದುವೆ ಗೊತ್ತು ಮಾಡುತ್ತಿದ್ದರು. ನಿಖಿಲ್ ಪ್ರತಿ ಸಲ ಏನಾದರೊಂದು ನೆಪ ಹೇಳಿ ಆದಿತ್ಯ ಎಂಬ ಗೆಳೆಯನ ಕೋಣೆಗೆ ಹೋಗಿ ಕೂರುತ್ತಿದ್ದ. ಮೊದಲು ಅದು ಬರೀ ಗೆಳೆತನದ ಹಾಗೆ ಕಾಣುತ್ತಿತ್ತು. ಆಮೇಲೆ ಕ್ಯಾಮೆರಾ ಅವರಿಬ್ಬರ ಮುಖದ ಮೇಲೆ ಎರಡು ಕ್ಷಣ ಹೆಚ್ಚಿಗೆ ನಿಲ್ಲತೊಡಗಿತು. ಧಾರಾವಾಹಿಯ ಆ ಎರಡು ಕ್ಷಣದ ಅರ್ಥ ನನಗೆ ಗೊತ್ತಿತ್ತು, ಅದು ನನ್ನ ಕೆಲಸ. ಅವ್ವನಿಗೆ ಗೊತ್ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾನು ಟಿ.ವಿ.ಗಿಂತ ಹೆಚ್ಚು ಅವಳ ಮುಖ ನೋಡುತ್ತಿದ್ದೆ.

ಇನ್ನೂ ಒಂದು ಬದಲಾವಣೆ ಆಯಿತು. ಶಿವು ಊಟಕ್ಕೆ ಒಂದೂವರೆಗೆ ಬಂದು ಎರಡರೊಳಗೆ ಹೊರಟುಬಿಡುವವನು, ಈಗ ಎರಡೂವರೆಯವರೆಗೂ ನಿಲ್ಲತೊಡಗಿದ್ದ. ಒಳಗೆ ಬಂದು ಕೂರುತ್ತಿರಲಿಲ್ಲ. ತಟ್ಟೆ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದ.

ನಿಖಿಲ್ ತಾಯಿಗೆ ಹೇಳಿದ ದಿನವೂ ಅವನು ಅಲ್ಲೇ ನಿಂತಿದ್ದ. ದೇವರಮನೆಯ ಮುಂದೆ ತಾಯಿ ಹೂ ಕಟ್ಟುತ್ತ ಕೂತಿದ್ದಾಳೆ, ಮಗ ಎದುರು ಬಂದು ಕೂತು, “ಆಈ, ಮಾಝಂ ಆದಿತ್ಯವರ್ ಪ್ರೇಮ್ ಆಹೆ” ಎನ್ನುತ್ತಾನೆ. ಆದಿತ್ಯನ ಮೇಲೆ ನನಗೆ ಪ್ರೀತಿ ಇದೆ ಅಂತ. ಅಷ್ಟೇ ಮಾತು. ಹಿನ್ನೆಲೆಯಲ್ಲಿ ಸಂಗೀತವೂ ಇರಲಿಲ್ಲ. ನಮ್ಮ ಮನೆಯಲ್ಲಿ ಕೂಲರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಶಿವೂನ ಕೈ ತಟ್ಟೆಯ ಮೇಲೆ ನಿಂತಿತ್ತು. ನಾನು ಅವನ ಕಡೆ ನೋಡಲಿಲ್ಲ, ಅವನು ನನ್ನ ಕಡೆ ನೋಡಲಿಲ್ಲ, ಇಬ್ಬರೂ ಅವ್ವನ ಬೆನ್ನನ್ನು ನೋಡುತ್ತಿದ್ದೆವು. ಜಾಹೀರಾತು ಬಂತು. ಅವ್ವ ತಿರುಗದೆ, “ಶಿವೂ, ಮಜ್ಜಿಗಿ ಬೇಕೇನು?” ಎಂದಳು.

“ಸಾಕವ್ವಾ.”

ಮರುದಿನ ಆ ಕಂತಿನ ವಿಡಿಯೋ ಬಂತು. ಜತೆಗೆ ಒಂದು ಪುಟದ ಟಿಪ್ಪಣಿ. ಮುಂಬಯಿಯ ಕಚೇರಿಯಿಂದ ನನ್ನ ಜತೆ ವ್ಯವಹರಿಸುತ್ತಿದ್ದವಳು ಶ್ರೇಯಾ ಎಂಬ ಹುಡುಗಿ. ಒಳ್ಳೆಯವಳು, ಸಿಟ್ಟು ಮಾಡಿದವಳಲ್ಲ. ಕನ್ನಡದ ಪ್ರೇಕ್ಷಕರು ಮಧ್ಯಾಹ್ನದ ಹೊತ್ತು ಮನೆಮಂದಿ ಕೂಡಿ ನೋಡುತ್ತಾರೆ, ಇದು ಅವರಿಗೆ ಹಿಡಿಸುವುದಿಲ್ಲ, ಆದ್ದರಿಂದ ಕನ್ನಡದಲ್ಲಿ ನಿಖಿಲನಿಗೆ ಹೃದಯದ ಕಾಯಿಲೆ, ಹೆಚ್ಚು ದಿನ ಬದುಕುವವನಲ್ಲ, ಅದಕ್ಕೇ ಮದುವೆ ಬೇಡ ಅನ್ನುತ್ತಾನೆ, ಈ ಗುಟ್ಟು ಆದಿತ್ಯನಿಗೆ ಮಾತ್ರ ಗೊತ್ತು, ಹೀಗೆ ಬದಲಾಯಿಸಿ ಎಂದು ಟಿಪ್ಪಣಿಯಲ್ಲಿತ್ತು. ಇಬ್ಬರೂ ಕೈ ಹಿಡಿದ ದೃಶ್ಯ ತೆಗೆದುಹಾಕಿದ್ದೇವೆ ಎಂದೂ ಇತ್ತು.

ನಾನು ಬರೆದೆ. ಒಂದು ಸಲವೂ ಫೋನು ಮಾಡಿ ಇದೇಕೆ ಹೀಗೆ ಎಂದು ಕೇಳಲಿಲ್ಲ. ಕೇಳಿದರೆ ಕೆಲಸ ಹೋದೀತೆಂಬ ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಾಗಿ, ಕೇಳಿದರೆ ಈ ವಿಷಯ ನಿಮಗೇಕೆ ಅಷ್ಟು ಮುಖ್ಯ ಎಂದು ಅವಳು ತಿರುಗಿ ಕೇಳಿಯಾಳು ಎಂದು. ‘ಪ್ರೇಮ್’ ಅನ್ನುವಲ್ಲಿ ಆ ಹುಡುಗನ ತುಟಿ ಮುಚ್ಚುತ್ತಿತ್ತು. ಅಲ್ಲಿಗೆ ‘ಮಾತ್ರ’ ಕೂರಿಸಿದೆ. “ಅಮ್ಮಾ, ಈ ಕಾಯಿಲೆ ಆದಿತ್ಯನಿಗೆ ಮಾತ್ರ ಗೊತ್ತು.” ಸ್ವಲ್ಪ ಓಡಿಸಿ ಹೇಳಿದರೆ ಸರಿಯಾಗಿ ಕೂರುತ್ತಿತ್ತು. ಕೂತಾಗ ಒಂದು ಕ್ಷಣ ನನಗೆ ಖುಷಿಯೂ ಆಯಿತು. ಆ ಖುಷಿಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹಾಳೆ ಮೇಜಿನ ಮೇಲಿತ್ತು. ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ. ಸಂಜೆ ನಾನು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಶಿವು ಅದನ್ನು ಓದುತ್ತಿದ್ದ. ಅವ್ವ ಪಕ್ಕದ ಮನೆಗೆ ಹೋಗಿದ್ದಳು.

“ಅಕ್ಕಾ, ಅಂವ ಅಂದದ್ದೇನು, ನೀ ಬರದದ್ದೇನು?” ಎಂದ.

“ಮ್ಯಾಲಿನವರು ಹಂಗ ಹೇಳ್ಯಾರ.”

“ಲ್ಯಾಬಿನ್ಯಾಗ ದಿನಾ ಇನ್ನೂರು ಮಂದಿ ರಿಪೋರ್ಟ್ ನೋಡತೀನಿ ನಾ. ಇದು ಯಾವ ಜಡ್ಡು ಅಂತ ಬರೀಲಿ?”

ನಾನು ಚಹಾದ ಲೋಟ ಇಟ್ಟೆ. ಅವನು ಹಾಳೆಯನ್ನು ಮೊದಲಿದ್ದ ಹಾಗೆಯೇ ಇಟ್ಟು, ಅಂಚು ಸರಿಮಾಡಿದ. “ನಿನಗ ಗೊತ್ತೈತಿ, ಹೌದಿಲ್ಲೊ?” ಎಂದ.

“ಗೊತ್ತೈತಿ.”

“ಯಾವಾಗಿಂದ?”

“ನೀ ಡಿಪ್ಲೊಮಾ ಓದೂ ಮುಂದಿಂದ.”

ಅವನು ಗೋಣು ಹಾಕಿದ. ಅವನ ಬದುಕಿನಲ್ಲಿ ಒಬ್ಬ ಇದ್ದಾನೆಂದು ಆಗಲೇ ಹೇಳಿದ. ಸಾಗರ ಅಂತ, ಬುಧಗಾಂವದವನು, ಸಾಂಗಲಿಯ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾನೆ. ನಾಲ್ಕು ವರ್ಷವಾಯಿತು. ಹೇಳುವಾಗ ಅವನ ದನಿ ಎಲ್ಲೂ ಏರಲಿಲ್ಲ. ಹೇಳಿ ಮುಗಿಸಿ ಚಪ್ಪಲಿ ಹಾಕಿಕೊಳ್ಳುತ್ತ, “ಗೊತ್ತಿದ್ದೂ ಹಿಂಗ ಬರದೆಲ್ಲಕ್ಕಾ” ಎಂದು ಹೊರಗೆ ಹೋದ. ಚಹಾ ಹಾಗೆಯೇ ಇತ್ತು. ನಾನು ಹಾಳೆಯನ್ನು ಟೈಪು ಮಾಡಿ ಅವತ್ತೇ ಕಳಿಸಿದೆ.

ಅಲ್ಲಿಂದ ಇಪ್ಪತ್ತು ದಿನ. ಬಿಸಿಲು ಏರುತ್ತಲೇ ಹೋಯಿತು. ಮಧ್ಯಾಹ್ನ ಕರೆಂಟು ಹೋದರೆ ಕೂಲರು ನಿಂತು ಮೂವರೂ ಬೆವರಿನಲ್ಲಿ ಕೂತಿರುತ್ತಿದ್ದೆವು. ನಾನು ಇನ್ನೂ ಹದಿನಾಲ್ಕು ಕಂತು ಬರೆದೆ, ಎಲ್ಲದರಲ್ಲೂ ನಿಖಿಲನಿಗೆ ಕಾಯಿಲೆ. ಮಾತ್ರೆ ಅಂತ ಬರೆದೆ, ಡಾಕ್ಟರು ಕೈಬಿಟ್ಟರು ಅಂತ ಬರೆದೆ. ಶಿವು ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಿದ್ದ. ಜಮಖಂಡಿಯವರು ಬಂದು ಹುಡುಗನನ್ನು ನೋಡುವ ದಿನವನ್ನು ಅವ್ವ ಮತ್ತು ಮಾವಶಿ ಗೊತ್ತು ಮಾಡಿದರು. ಒಂದು ಭಾನುವಾರ. ಶಿವು ಬೇಡ ಅನ್ನಲಿಲ್ಲ. ಅವನು ಬೇಡ ಅನ್ನದಿರುವುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾಳೆ ಆ ಹುಡುಗಿಯನ್ನು ಕಟ್ಟಿಕೊಂಡುಬಿಟ್ಟರೆ ಎಂದು, ಕಟ್ಟಿಕೊಳ್ಳಲಾಗದೆ ಏನಾದರೂ ಮಾಡಿಕೊಂಡರೆ ಎಂದು, ಎರಡೂ ಕಡೆಯಿಂದ ಯೋಚನೆ ಮಾಡುತ್ತಿದ್ದೆ. ಅವನ ಕೋಣೆಯ ಬಾಗಿಲು ಮುಚ್ಚಿದ್ದರೆ ಏನಾದರೂ ಕೇಳುವ ನೆಪದಲ್ಲಿ ತಟ್ಟುತ್ತಿದ್ದೆ.

ಇಪ್ಪತ್ತೊಂದನೆಯ ದಿನ ಮಾವಶಿಯ ಫೋನು ಬಂತು. ಅವ್ವ ಯಾವಾಗಲೂ ಫೋನನ್ನು ಸ್ಪೀಕರಿಗೆ ಹಾಕಿ ಮಡಿಲಲ್ಲಿ ಇಟ್ಟುಕೊಂಡು ಮಾತಾಡುವವಳು.

“ಕರಳ ಚುರ್ ಅಂತು ನೋಡು,” ಎಂದರು ಮಾವಶಿ. “ಅಷ್ಟ ಚಂದದ ಹುಡುಗಗ ಎದಿ ಬ್ಯಾನಿ ಅಂದ್ರ. ತಾಯಿ ಹೆಂಗ ತಡಕೊಂಡಾಳೊ.”

“ಯಾರಿಗಕ್ಕಾ ಎದಿ ಬ್ಯಾನಿ?”

“ನಿಖಿಲಗ. ಮತ್ಯಾರಿಗೆ?”

“ಅಂವಗ ಯಾವ ಬ್ಯಾನಿನೂ ಇಲ್ಲ.”

“ನಾ ನನ್ನ ಕಿವೀಲೆ ಕೇಳೀನಿ. ತಾಯಿ ಮುಂದ ಕುಂತು ಹೇಳಿದ. ನೀನೂ ನೋಡೀದಿ, ನಿನಗೇನ ಕೇಳಿಸ್ತು?”

ಅವ್ವ ನನ್ನನ್ನು ನೋಡಿದಳು. ನಾನು ಲ್ಯಾಪ್‌ಟಾಪಿನ ಮೇಲೆ ಬಗ್ಗಿದೆ. ಅವ್ವ ಫೋನಿನ ಕಡೆ ತಿರುಗಿ, “ಕೂಲರ್ ಸಪ್ಪಳದಾಗ ನನಗ ಸರಿ ಕೇಳಿರಲಿಕ್ಕಿಲ್ಲ ಬಿಡು” ಎಂದಳು. ಆದರೆ ಮಾವಶಿ ಬಿಡುವವರಲ್ಲ. ಹೇಗೂ ಭಾನುವಾರಕ್ಕೆ ಬರಬೇಕು, ಎರಡು ದಿನ ಮೊದಲೇ ಬರುತ್ತೇನೆ, ಕೂತು ನಿಮ್ಮ ಮರಾಠಿಯದನ್ನೇ ನೋಡೋಣ, ಯಾರ ಕಿವಿ ಸರಿ ಇದೆ ತಿಳಿಯುತ್ತದೆ ಎಂದು ನಕ್ಕು ಫೋನಿಟ್ಟರು.

“ಆ ಕಡಿ ಬ್ಯಾರೇನ ಬರದೀಯೇನು?” ಎಂದು ಅವ್ವ ಕೇಳಿದಳು.

“ಬರಿಯಂದ್ರು ಅವ್ವಾ. ಆ ಕಡಿ ಮಂದಿಗೆ ಸೇರೂದಿಲ್ಲಂತ.”

“ಆ ಕಡಿ ಮಂದಿ ಅಂದ್ರ ಯಾರು? ನಮ್ಮಕ್ಕ.” ಅವಳು ಫೋನನ್ನು ಮಡಿಲಿನಿಂದ ತೆಗೆದು ಪಕ್ಕಕ್ಕಿಟ್ಟಳು. “ನಾ ತಡಕೊಂಡ ನೋಡಲಿಲ್ಲೇನು? ಆಕಿಗೆ ಅಷ್ಟು ತಾಕತ್ತಿಲ್ಲಂತ ನೀ ಯಾಕ ತಿಳಕೊಂಡಿ?”

‘ತಡಕೊಂಡ’ ಎಂಬ ಮಾತು ನನ್ನಲ್ಲಿ ನಿಂತುಹೋಯಿತು. ಅವ್ವ ಏನನ್ನು ತಡೆದುಕೊಂಡು ನೋಡುತ್ತಿದ್ದಳು, ಎಷ್ಟು ತಿಳಿದುಕೊಂಡು ನೋಡುತ್ತಿದ್ದಳು, ಕೇಳಬೇಕೆಂದು ಎರಡು ಮೂರು ಸಲ ಹತ್ತಿರ ಹೋದೆ. ಅವಳು ಅಕ್ಕಿ ಆರಿಸುವುದರಲ್ಲೋ ಬಟ್ಟೆ ಮಡಚುವುದರಲ್ಲೋ ಇರುತ್ತಿದ್ದಳು. ಕೇಳಲಾಗಲಿಲ್ಲ.

ಶುಕ್ರವಾರ ಮುಂಜಾನೆಯ ಬಸ್ಸಿಗೆ ಮಾವಶಿ ಬಂದರು. ಕರದಂಟು, ಒಂದು ಚೀಲ ಜೋಳದ ಹಿಟ್ಟು, ಹುಡುಗಿಯ ಇನ್ನೊಂದು ಫೋಟೋ. ನಾನು ಲ್ಯಾಬಿಗೆ ಫೋನು ಮಾಡಿ ಶಿವೂಗೆ, “ಇವತ್ತ ಹೊರಗ ಉಂಡುಬಿಡು” ಎಂದೆ. “ನಮ್ಮ ಮನಿ ಅಕ್ಕಾ ಅದು” ಎಂದು ಇಟ್ಟುಬಿಟ್ಟ. ಒಂದೂವರೆಗೆ ಸರಿಯಾಗಿ ಬಂದ. ಮಾವಶಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವರು ಅವನ ಗಲ್ಲ ಹಿಡಿದು, “ಸೊರಗೀಯಲ್ಲೋ. ಹುಡುಗಿ ಕೈಯಡಿಗಿ ಹತ್ತಿದ ಮ್ಯಾಲ ನೋಡೂಣು” ಎಂದರು. ಅವನು ತಟ್ಟೆ ತೆಗೆದುಕೊಂಡು ಎಂದಿನಂತೆ ಬಾಗಿಲಿಗೆ ಒರಗಿ ನಿಂತ.

ಎರಡು ಗಂಟೆ ಆಯಿತು. ಕಂತು ಶುರುವಾದದ್ದೇ ನಿಖಿಲನ ತಂದೆಯಿಂದ. ಅವನಿಗೆ ವಿಷಯ ಗೊತ್ತಾಗಿತ್ತು. ಊಟದ ಮೇಜಿನ ಸುತ್ತ ಎಲ್ಲರೂ ಕೂತಿದ್ದರು. ತಂದೆ ತಗ್ಗಿದ ದನಿಯಲ್ಲಿ, ಬಹಳ ವೇಗವಾಗಿ ಮಾತಾಡುತ್ತಿದ್ದ. ಮಾವಶಿ ಕಣ್ಣು ಕಿರಿದು ಮಾಡಿ ಕಿವಿಗೊಟ್ಟರು, ಮಾತು ಹಿಡಿಯಲಾಗಲಿಲ್ಲ.

“ವಿದ್ಯಾ, ಏನಂದ ಅಂವ?”

ನನ್ನ ಕೆಲಸವೇ ಅದು. ಒಂದು ವರ್ಷದಿಂದ ಮಾಡುತ್ತಿದ್ದೆ. ಎದಿ ಬ್ಯಾನಿಗೆ ಮುಂಬಯಿಯಲ್ಲಿ ಡಾಕ್ಟರಿದ್ದಾರಂತೆ ಎಂದು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಮುಖಗಳು ಅದಕ್ಕೂ ಹೊಂದುತ್ತಿದ್ದವು. ಅವ್ವ ಟಿ.ವಿ. ನೋಡುತ್ತಿದ್ದಳು, ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಶಿವು ತಟ್ಟೆಯನ್ನು ಪಕ್ಕದ ಮಾಡದಲ್ಲಿ ಇಟ್ಟ ಸದ್ದು ಕೇಳಿಸಿತು.

“ಈ ಹುಚ್ಚು ಯಾರು ಹಿಡಿಸಿದ್ರು ನಿನಗ ಅಂತ ಕೇಳಾಕತ್ತಾನ್ರಿ,” ಎಂದೆ.

“ಯಾವ ಹುಚ್ಚು?”

ಟಿ.ವಿ.ಯಲ್ಲಿ ನಿಖಿಲ್ ಉತ್ತರ ಕೊಡುತ್ತಿದ್ದ. ನಾನು ಅವನ ಹಿಂದೆಯೇ ಹೇಳುತ್ತ ಹೋದೆ. ತುಟಿ ಹೊಂದಿಸುವುದಿರಲಿಲ್ಲ, ಅಮ್ಮ ಅನ್ನುವುದಿರಲಿಲ್ಲ, ನಮ್ಮ ಮನೆಯ ಮಾತಿನಲ್ಲೇ ಹೇಳಿದೆ. “ಯಾರೂ ಹಿಡಿಸಿಲ್ಲ, ನಾ ಮೊದಲಿಂದ ಹಿಂಗ ಇದ್ದೀನಿ ಅನ್ನಾಕತ್ತಾನ್ರಿ. ಹೇಳಾಕ ಅಂಜಿದ್ದೆ ಅಷ್ಟ ಅಂತ. ಆದಿತ್ಯನ ಮ್ಯಾಲ ನನಗ ಪ್ರೀತಿ ಐತಿ. ಗಂಡ ಹೆಂಡ್ತಿ ಮ್ಯಾಲ ಇಡತಾನಲ್ಲ, ಅಂಥಾ ಪ್ರೀತಿ ಅಂತ.”

ಮಾವಶಿ ನನ್ನ ಕಡೆ ತಿರುಗಿದರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರು ಮಾಡುವ ಧೈರ್ಯ ನನಗಿಲ್ಲ ಎಂದು ಗೊತ್ತಿತ್ತು. “ಆ ಹುಡುಗಿ ಮನಿಯವರಿಗೆ ಏನ ಹೇಳೂಣು ಅಂತ ಅಪ್ಪ ಕೇಳತಾನ. ಖರೇನ ಹೇಳ್ರಿ, ಆಕಿ ಬಾಳೇ ಯಾಕ ಹಾಳ ಮಾಡಬೇಕು ಅಂತಾನ.”

“ಎದಿ ಬ್ಯಾನಿ?” ಎಂದರು ಮಾವಶಿ.

“ಇಲ್ರಿ. ಅದು ನಾ ಬರದದ್ದು.”

ಜಾಹೀರಾತು ಬಂತು. ಅವ್ವ ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಇಳಿಸಿದಳು. ಆಗ ಬಾಗಿಲಿನಿಂದ ಶಿವು ಮಾತಾಡಿದ.

“ಮಾವಶಿ, ಆದಿತವಾರ ಅವರನ್ನ ಕರಿಸಬ್ಯಾಡ್ರಿ.”

ಯಾರೂ ಏಕೆಂದು ಕೇಳಲಿಲ್ಲ. ಮಾವಶಿ ಒಮ್ಮೆ ಟಿ.ವಿ. ನೋಡಿದರು, ಒಮ್ಮೆ ಅವನನ್ನು. ಆಮೇಲೆ, ಅವನ ಜತೆ ಮಾತಾಡದೆ, ಅವ್ವನ ಕಡೆ ವಾಲಿ, “ಏನರೆ ಜಡ್ಡು ಐತೇನಬೆ ಇವಗ? ಇಷ್ಟ ದೊಡ್ಡ ದವಾಖಾನಿ ಅದಾವ ನಿಮ್ಮೂರಾಗ. ತೋರಿಸೂಣು” ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಅವ್ವ ಬೆರಳಿಗೆ ಸುತ್ತಿಕೊಂಡ ಸೆರಗನ್ನು ಬಿಡಿಸಿದಳು. “ಅಂವಗ ಯಾವ ಜಡ್ಡೂ ಇಲ್ಲಕ್ಕಾ” ಎಂದಳು.

“ನಿನಗ ಗೊತ್ತಿತ್ತು?”

ಅವ್ವ ಎದ್ದು ಅಡುಗೆಮನೆಗೆ ಹೋದಳು. ಹೋಗುವಾಗ ಶಿವೂನ ಪಕ್ಕದಲ್ಲೇ ದಾಟಿ ಹೋಗಬೇಕಿತ್ತು. ಅವನು ಸರಿದು ದಾರಿ ಬಿಟ್ಟ. ಅವಳು ಅವನನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ.

ಮಾವಶಿ ಭಾನುವಾರದವರೆಗೆ ನಿಲ್ಲಲಿಲ್ಲ. ಅವತ್ತೇ ನಾಲ್ಕರ ಬಸ್ಸಿಗೆ ಹೊರಟರು. “ಹುಡುಗಿ ಮನಿಯವರಿಗೆ ನಾ ಏನ ಹೇಳಲಿ?” ಎಂದು ಚೀಲ ಕಟ್ಟುತ್ತ ಒಮ್ಮೆ ಕೇಳಿದರು. “ತಪ್ಪು ನಂದ ಅಂತ ಹೇಳ್ರಿ. ಆಕಿಗೆ ಯಾರೂ ಏನೂ ಅನ್ನಬಾರದು ನೋಡ್ರಿ” ಎಂದ ಶಿವು. ನಾನು ಬಸ್‌ಸ್ಟ್ಯಾಂಡಿನವರೆಗೆ ಜತೆಗೆ ಹೋದೆ. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹತ್ತುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ಅವರು ಸರಳುಗಳ ನಡುವಿನಿಂದ ನನ್ನ ಕೈ ಹಿಡಿದರು. “ನೀ ಮೊದಲ ಬರದದ್ದ ಚಲೋ ಇತ್ತು ವಿದ್ಯಾ. ಜಡ್ಡಂದ್ರ ನಮಗ ತಿಳೀತಿತ್ತು. ಎಲ್ಲಾರೂ ಕೂಡಿ ಅಳತಿದ್ವಿ” ಎಂದರು. ಬಸ್ಸು ಹೊರಟಿತು. ಆಮೇಲೆ ತಿಂಗಳುಗಟ್ಟಲೆ ಅವರ ಫೋನು ಬರಲಿಲ್ಲ.

ಮರುದಿನ ಆ ಕಂತಿನ ವಿಡಿಯೋ ಬಂದಾಗ, ಮರಾಠಿಯಲ್ಲಿ ಆಡಿದ ಹಾಗೆಯೇ ಕನ್ನಡ ಬರೆದು ಕಳಿಸಿದೆ. ಸೋಮವಾರ ಶ್ರೇಯಾ ಫೋನು ಮಾಡಿ, ಟಿಪ್ಪಣಿ ನೋಡಲಿಲ್ಲವೇ ಎಂದು ಕೇಳಿದಳು. ನೋಡಿದ್ದೇನೆ ಎಂದೆ. ಸರಿಪಡಿಸಿ ಕಳಿಸುತ್ತೀರಾ ಎಂದಳು. ಇಲ್ಲ ಎಂದೆ. ನನಗೆ ಅರ್ಥವಾಗುತ್ತದೆ ಮೇಡಂ ಎಂದಳು. ಮುಂದಿನ ವಾರದಿಂದ ಬೇರೆ ಯಾರೋ ಬರೆಯತೊಡಗಿದರು. ಇದನ್ನು ನಾನು ಧೈರ್ಯದ ಕೆಲಸ ಅಂತ ಹೇಳಿಕೊಳ್ಳುತ್ತಿಲ್ಲ. ಧೈರ್ಯ ಬೇಕಾದಾಗ ಹದಿನೈದು ಕಂತು ಬರೆದುಕೊಟ್ಟವಳು ನಾನೇ.

ಮನೆಯೊಳಗಿನ ದಿನಗಳು ಬಸ್‌ಸ್ಟ್ಯಾಂಡಿನ ಆ ದಾರಿಗಿಂತ ಕಷ್ಟವಾಗಿದ್ದವು. ಅಕ್ಕನ ಮುಂದೆ ಮಗನ ಪರ ನಿಂತ ಅವ್ವ ಮಗನೊಡನೆ ಮಾತು ಬಿಟ್ಟಳು. ಡಬ್ಬಿ ಕಟ್ಟಿ ಇಡುತ್ತಿದ್ದಳು, ಅಂಗಿ ಇಸ್ತ್ರಿ ಮಾಡಿಸುತ್ತಿದ್ದಳು, ಮಾತಿಲ್ಲ. ಹನ್ನೊಂದು ದಿನ ನಾನು ನಡುವೆ ನಿಂತು ಇವಳ ಮಾತು ಅವನಿಗೆ, ಅವನ ಮಾತು ಇವಳಿಗೆ ಹೇಳಿದೆ. ಹನ್ನೆರಡನೆಯ ದಿನ ಶಿವು ಸಾಂಗಲಿಯಲ್ಲಿ ಒಂದು ಕೋಣೆ ನೋಡಿದ್ದೇನೆ ಎಂದ. ಸಾಗರನ ಶಾಲೆಗೆ ಹತ್ತಿರ. ಅವ್ವ ಒಳಗಿನಿಂದ ಒಂದು ಸ್ಟೋವು, ಎರಡು ಪಾತ್ರೆ, ಹೊದಿಕೆ ತಂದು ಹೊರಗಿಟ್ಟಳು. “ದಿನಾ ಮಿರಜಕ್ಕ ಬಂದು ಹೋಗೂದು ಆಗತೈತೇನು?” ಎಂದಳು. ಅದು ಹನ್ನೆರಡು ದಿನದಲ್ಲಿ ಅವನೊಡನೆ ಆಡಿದ ಮೊದಲ ಮಾತು. “ಆಗತೈತಿ, ಬೈಕ್ ಐತಲ್ಲ” ಎಂದ ಅವನು. ಅವ್ವ ಹೂಂ ಅಂದಳು. ಅಷ್ಟರಲ್ಲಿ ಮಳೆ ಶುರುವಾಗಿತ್ತು. ರವಿವಾರಕ್ಕೊಮ್ಮೆ ಬಂದು ಊಟ ಮಾಡಿ ಹೋಗುತ್ತಿದ್ದ. ಸಾಗರನ ಹೆಸರನ್ನು ಅವ್ವ ಅವನ ಮುಂದೆ ಎತ್ತಲಿಲ್ಲ. ನನ್ನ ಹತ್ತಿರ ಮಾತ್ರ ಒಂದು ಸಲ, ಆ ಹುಡುಗನಿಗೆ ತಾಯಿ ಇದ್ದಾಳಾ ಎಂದು ಕೇಳಿದಳು. ಇದ್ದಾಳೆ ಎಂದೆ.

ಮರಾಠಿ ಧಾರಾವಾಹಿಯನ್ನು ಅವ್ವ ಬಿಡಲಿಲ್ಲ. ಆದರೆ ಅದರಲ್ಲಿ ನಿಖಿಲ್ ಕಡಿಮೆಯಾಗುತ್ತ ಹೋದ. ಅವನೂ ಆದಿತ್ಯನೂ ಪುಣೆಗೆ ಹೋಗಿ ಮನೆ ಮಾಡಿದರು ಎಂದರು. ಮನೆಯನ್ನು ತೋರಿಸಲಿಲ್ಲ. ವಾರಕ್ಕೊಮ್ಮೆ ಅವನ ತಾಯಿ ಫೋನು ಹಿಡಿದು, ಊಟ ಆಯಿತೇ ಮಗಾ ಅನ್ನುವಳು, ಆ ಕಡೆಯ ದನಿಯೂ ನಮಗೆ ಕೇಳಿಸುತ್ತಿರಲಿಲ್ಲ. ಕತೆ ಮತ್ತೆ ದೊಡ್ಡ ಸೊಸೆ ಸಣ್ಣ ಸೊಸೆಯರಿಗೆ ತಿರುಗಿತು. “ಅಂವಗ ಪಗಾರ ಕೊಡೂದು ಬಿಟ್ಟಾರೇನು?” ಎಂದು ಅವ್ವ ಒಂದು ದಿನ ಕೇಳಿದಳು.

ದಸರೆ ಮುಗಿದ ಮೇಲೆ ಒಂದು ದಿನ ನಾನು ಶಿವೂನ ಕೋಣೆಗೆ ಹೋಗಿದ್ದೆ. ಅವತ್ತು ಅರ್ಧ ದಿನದ ಕೆಲಸ ಮುಗಿಸಿ ಅವನು ಆಗಷ್ಟೇ ಬಂದಿದ್ದ. ಗೋಡೆಯ ಮೇಲೆ ಸಾಗರ ಬರೆದ ಕೃಷ್ಣಾ ನದಿಯ ಒಂದು ಚಿತ್ರ ತೂಗುತ್ತಿತ್ತು. ನನ್ನ ಫೋನು ರಿಂಗಾಯಿತು. ಮಾವಶಿ.

“ವಿದ್ಯಾ,” ಎಂದರು. ದನಿ ಒಡೆದಿತ್ತು. “ಅಂವ ತೀರಕೊಂಡ.”

ನಾನು ಹಾಸಿಗೆಯ ಮೇಲೆ ಕೂತೆ. “ಯಾರ್ರಿ ಮಾವಶಿ? ಕಾಕಾಗ ಏನಾತು?”

“ಕಾಕಾ ಆರಾಮ ಇದ್ದಾರ. ನಿಖಿಲ್.”

ಶಿವು ಏನಾಯಿತೆಂದು ಕೈಸನ್ನೆಯಲ್ಲೇ ಕೇಳಿದ. ನಾನು ಫೋನನ್ನು ಸ್ಪೀಕರಿಗೆ ಹಾಕಿದೆ.

“ದವಾಖಾನ್ಯಾಗ ತೀರಕೊಂಡಾನಂತ. ತೋರಿಸಲೂ ಇಲ್ಲ. ಇವತ್ತ ನೋಡಿದ್ರ ಗ್ವಾಡಿಗೆ ಒಂದು ಫೋಟೋ ಅಂಟಿಸ್ಯಾರ, ಫೋಟೋಕ್ಕ ಹಾರ. ಮನಿ ಮಂದಿಯೆಲ್ಲಾ ಚಹಾ ಕುಡಿಲಾಕತ್ತಾರ.”

“ಅದು ನಾ ಬರದದ್ದಲ್ಲರಿ. ನಾ ಬಿಟ್ಟು ಬಾಳ ದಿನಾತು.”

“ಗೊತ್ತೈತಿ. ಮಾತ ಬ್ಯಾರೆ ಆಗ್ಯಾವ, ನನಗ ತಿಳೀತೈತಿ.” ಮೂಗು ಒರೆಸಿಕೊಂಡ ಸದ್ದು ಬಂತು. “ನಿಮ್ಮ ಮರಾಠಿದಾಗ?”

“ಇದ್ದಾನ್ರಿ. ಪುಣ್ಯಾದಾಗ.”

“ಇಬ್ಬರೂ?”

“ಇಬ್ಬರೂ.”

ಅವರ ಮನೆಯ ಟಿ.ವಿ. ಇನ್ನೂ ನಡೆಯುತ್ತಿತ್ತು. ಯಾವುದೋ ಸಾಬೂನಿನ ಹಾಡು ಕೇಳಿಸುತ್ತಿತ್ತು. “ಅಲ್ಲ, ಏನೂ ಆಗದಂವನ್ನ ಸಾಯಿಸಿಬಿಟ್ಟರಲ್ಲ” ಎಂದರು. “ಗೊತ್ತಿದ್ದೂ ಗೊತ್ತಿದ್ದೂ ದಿನಾ ನೋಡಿದೆ. ಬದುಕಸತಾರೇನೊ ಅಂತ ನೋಡಿದೆ.”

ನಾನು ಶಿವೂನ ಮುಖ ನೋಡಿದೆ. ಅವನು ಬೇಡ ಎಂಬಂತೆ ತಲೆಯಾಡಿಸಿದ. ಆದರೂ ಕೇಳಿದೆ. “ಮಾವಶಿ, ಶಿವು ಇಲ್ಲೇ ಬಾಜೂಕ ಇದ್ದಾನ್ರಿ. ಕೊಡಲೇನು?”

ಸಾಬೂನಿನ ಹಾಡು ಮುಗಿದು ಇನ್ನೊಂದು ಶುರುವಾಯಿತು. ಆ ಕಡೆ ಯಾರೋ ಟಿ.ವಿ. ಆರಿಸಿದರು.

“ಕೊಡು.”

ನಾನು ಸ್ಪೀಕರು ತೆಗೆದು ಫೋನನ್ನು ಅವನ ಕೈಗೆ ಕೊಟ್ಟೆ. ಅವನು ಕಿವಿಗೆ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋಗಿ ನಿಂತ. ಆ ಕಡೆಯಿಂದ ಏನು ಕೇಳಿದರೋ ನನಗೆ ಕೇಳಿಸಲಿಲ್ಲ. “ಹೂಂ ರಿ” ಎಂದ. ಸ್ವಲ್ಪ ಬಿಟ್ಟು ಮತ್ತೆ “ಹೂಂ ರಿ” ಎಂದ. ಆಮೇಲೆ, “ಆರಾಮ ಇದ್ದೀನ್ರಿ” ಎಂದ. ಅವರು ಇನ್ನೊಮ್ಮೆ ಕೇಳಿರಬೇಕು. ಅವನು ಕಿಟಕಿಯ ಸರಳು ಹಿಡಿದು, ಲ್ಯಾಬಿನಲ್ಲಿ ಕಿವಿ ಮಂದವಾದ ಮುದುಕರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ ಹೇಳಿದ:

“ಆರಾಮ ಇದ್ದೀನ್ರಿ ಮಾವಶಿ. ನನಗ ಏನೂ ಆಗಿಲ್ಲ.”